ಮಾವನ ಕಿವಿಗಿ ಬೀಳಬಾರದ ದನಿ

ಮೊನ್ನೆ ಮೊನ್ನೆ ಕೊರೋನಾ ಬಂದಾಗ, ಯಾರಿಗಿ ಫೋನ್ ಹಚ್ಚಿದ್ರೂ ಮೊದಲ ಒಬ್ಬಾಕಿ ಬಂದು ಕೈ ತೊಳ್ಕೋರಿ, ದೂರ ನಿಲ್ರಿ ಅಂತ ಹೇಳ್ತಿದ್ಲಲ್ಲ, ನೆನಪದ ಏನು? ನಮ್ಮ ಮನ್ಯಾಗ ಎಲ್ಲಾರೂ ಆಕಿಗಿ ಬೈಯೋರೇ. "ಸಾಕು ಮಾಡವ್ವ ನಿನ್ನ ಪುರಾಣ, ಫೋನ್ ಹತ್ತಗೊಡು" ಅಂತ ಮಗ ಸಿಡಿಮಿಡಿ ಮಾಡ್ತಿದ್ದ. ನಾ ಒಬ್ಬಾಕಿ ಮಾತ್ರ ಆಕಿ ಮಾತು ಮುಗಿಯೋ ತನಾ ಕೇಳ್ತಿದ್ದೆ. ಮುಗದ ಮ್ಯಾಲ "ಆತವ್ವ ತಂಗಿ, ಕೇಳಿದೆ" ಅಂತಿದ್ದೆ. ಮೊಮ್ಮಗಳು ಹೊಟ್ಟಿ ಹಿಡ್ಕೊಂಡು ನಗ್ತಿದ್ಲು. "ಅಜ್ಜಿ, ಅದು ರೆಕಾರ್ಡ್ ಮಾಡಿದ್ದು, ಆಕಿ ಅಲ್ಲಿ ಇಲ್ಲ!"

ಹುಚ್ಚಿ. ಟೇಪಿನ್ಯಾಗ ಮಾತಾಡಾಕಿ ಎಲ್ಲಿರ್ತಾಳ ಅನ್ನೋದು ನನಗ ಗೊತ್ತದ. ನಾನೂ ಒಮ್ಮಿ ಅಲ್ಲಿ ಇದ್ದು ಬಂದಾಕಿ.

ಅದೇ ಮೊಮ್ಮಗಳು ಈಗ ನನಗ ಫೋನಿನ್ಯಾಗ ಬರಿಯೋದು ಕಲಿಸ್ಯಾಳ. ಒಂದ ಬೆರಳಿಲೆ ಬರಿಯಾಕತ್ತೇನಿ, ಸಾವಕಾಶ ಓದ್ರಿ. ಅವಸರ ಇದ್ದವರು ಹೋಗಿ ಚಹಾ ಕುಡದು ಬರ್ರಿ, ನಾ ಇಲ್ಲೇ ಇರ್ತೇನಿ.

ನನ್ನ ತವರು ಆಳಂದ ಕಡಿ ಕಿಣ್ಣಿ ಸುಲ್ತಾನ. ಕೊಟ್ಟದ್ದು ಅಫಜಲಪುರ ತಾಲೂಕಿಗಿ, ಕರಜಗಿಯಿಂದ ತುಸು ದೂರ, ಭೀಮಾ ಹೊಳಿ ದಂಡಿ ಮ್ಯಾಗಿನ ಒಂದು ಊರಿಗಿ. ಎಂಬತ್ತರ ಆಚೀಚಿನ ಮಾತು. ತವರಾಗ ನಾ ಭಾಳ ಬಾಯಿಬಡಕಿ. ಯಾರು ಹೆಂಗ ಮಾತಾಡ್ತಾರೋ ಹಂಗ ಮಾತಾಡಿ ತೋರಸ್ತಿದ್ದೆ. ಗೌಡ್ರು ಉಗುಳು ನುಂಗಿ ನುಂಗಿ ಮಾತಾಡೋದು, ಸಾಲಿ ಮಾಸ್ತರ ಮೂಗಿನ್ಯಾಗ ಬೈಯೋದು, ಎಮ್ಮಿ ಕರಾ ಕರಿಯೋದು, ಎಲ್ಲಾ ಬರ್ತಿತ್ತು ನನಗ. ಕಳಿಸಿಕೊಡೋ ದಿನ ಅವ್ವ ನನ್ನ ಗದ್ದ ಹಿಡದು ಹೇಳಿದ್ಲು, "ಅಲ್ಲಿ ಹೋಗಿ ಬಾಯಿ ಬಿಚ್ಚಿದ್ರ ನಮ್ಮ ಮಾರಿಗಿ ಮಸಿ ನೋಡು ಬೇ."

ನಮ್ಮ ಕಡಿ ರಿವಾಜು ಹಂಗ ಇತ್ತು. ಸೊಸಿ ಆದಾಕಿ ಮಾವನ ಮುಂದ ಸೆರಗು ಸರಸಂಗಿಲ್ಲ, ಎದುರಿಗಿ ಕೂಡಂಗಿಲ್ಲ, ದನಿಯಂತೂ ಕೇಳಸಂಗೇ ಇಲ್ಲ. ನಮ್ಮ ಮಾವ ಎತ್ತರದ ಮನಷ್ಯಾ. ಬಿಳಿ ರುಮಾಲು, ಹಣಿ ತುಂಬ ಇಬತ್ತಿ. ಕೆಟ್ಟವರಲ್ಲ. ಆದ್ರ ಅವರು ಒಮ್ಮಿ ಕೆಮ್ಮಿದ್ರ ಪಡಸಾಲ್ಯಾಗಿನ ಬೆಕ್ಕು ಸೈತ ಎದ್ದು ಹೊರಗ ಹೋಗ್ತಿತ್ತು. ಅವರಿಗಿ ಏನರ ತಿಳಸಬೇಕಾದ್ರ ನಾ ಸಪ್ಪಳ ಮಾಡ್ತಿದ್ದೆ. ಬಳಿ ಝಲ್ ಅಂದ್ರ ರೊಟ್ಟಿ ಆಗ್ಯಾವ. ಚಿಲಕ ಬಡದ್ರ ಯಾರೋ ಬಂದಾರ. ತಂಬಗಿ ಮ್ಯಾಲ ಸವಟು ತಟ್ಟಿದ್ರ ನೀರು ಕಾದಾವ, ಜಳಕಕ್ಕ ಏಳ್ರಿ. ಅವರು ಆ ಕಡಿಂದ "ಹೂಂ" ಅಂತ ಗ್ವಾಡಿಗಿ ಹೇಳ್ತಿದ್ರು. ಎಷ್ಟೋ ವರ್ಷ ಒಂದ ಸೂರಿನ ಕೆಳಗ ಇದ್ರೂ ನನ್ನ ದನಿ ದಪ್ಪದೋ ತೆಳ್ಳಗದೋ ಅವರಿಗಿ ಗೊತ್ತಿದ್ದಿಲ್ಲ. ಒಮ್ಮೊಮ್ಮಿ ನನಗೂ ಮರ್ತು ಹೋಗ್ತಿತ್ತು. ಹಿತ್ತಲದಾಗ ಯಾರೂ ಇಲ್ಲದಾಗ ಬಾವ್ಯಾಗ ಬಗ್ಗಿ "ಏ" ಅಂತ ಕರದು ನೋಡ್ತಿದ್ದೆ. ಕೆಳಗಿಂದ ತಣ್ಣಗ, ಹಸಿರು ಹಸಿರಾಗಿ, "ಏ" ಅಂತ ಬರ್ತಿತ್ತು. ಇದ್ದಾಳ ಅಂತ ಸಮಾಧಾನ ಆಗ್ತಿತ್ತು.

ನಮ್ಮನಿಯವರದು ಮೈಕ್ ಸೆಟ್ಟಿನ ದಂಧೆ. ಹೊಲ ಇತ್ತು, ಆದ್ರ ಅವರ ಜೀವ ಇದ್ದದ್ದು ಮೈಕಿನ್ಯಾಗ. ತುತ್ತೂರಿಯಂಥಾ ಒಂದು ದೊಡ್ಡ ಭೋಂಗಾ, ಒಂದು ಮಷಿನು, ಟ್ರ್ಯಾಕ್ಟರಿನ ಹಳೇ ಬ್ಯಾಟರಿ, ಸೊಲ್ಲಾಪುರದಿಂದ ತಂದ ಟೇಪ್ ರಿಕಾರ್ಡರು. ಗೊಬ್ಬೂರ ತನಾ ಲಗ್ನಕ್ಕ, ತೊಟ್ಟಿಲಕ್ಕ ಗಾಡ್ಯಾಗ ಹೇರ್ಕೊಂಡು ಹೋಗ್ತಿದ್ರು. ಮಾವಗ ಈ ದಂಧೆ ಅಂದ್ರ ನಾಚಿಕಿ. "ಮಂದಿ ಮಕ್ಕಳು ಒಕ್ಕಲತನ ಮಾಡ್ತಾರ. ನನ್ನ ಮಗ ಊರಿಗೆಲ್ಲ ಊಟಕ್ಕ ಕರೀತಾನ" ಅಂತಿದ್ರು.

ಒಂದು ವರ್ಷ ಮಳಿ ಜೋರಾತು. ಹೊಳಿಗಿ ಕೆಂಪನ ಹೊಸ ನೀರು ಬಂತು, ಅದರ ಬೆನ್ನಿಗೇ ವಾಂತಿ-ಭೇದಿ ಬಂತು. ಮೊದಲ ಹೊಳಿ ದಂಡಿ ಓಣಿಗಿ, ಆಮ್ಯಾಲ ಅಗಸಿ ಬಾಗಲ ದಾಟಿ ಊರೊಳಗ. ಬೆಳಗ ಮುಂಜಾನಿ ಹೊಳಿ ಮ್ಯಾಗಿಂದ ಮಂಜು ಎದ್ದು ಓಣಿ ಓಣಿ ತಿರಗಾಡಿ ಹೋಗ್ತಿತ್ತು, ಯಾರ ಮನಿ ಕದಾ ತೆರದದ ನೋಡ್ಕೊಂಡು ಹೋದಂಗ. ಬಾಗಲಕ್ಕೆಲ್ಲ ಬೇವಿನ ತಪ್ಪಲ ಕಟ್ಟಿದ್ರು. ಇಡೀ ಊರು ಹಸಿ ಹೊಗಿಯೊಳಗ ತೇಲಾಡಾಕತ್ತದೇನೋ ಅನ್ನಸ್ತಿತ್ತು. ನಿನ್ನೆ ಕಟ್ಟಿ ಮ್ಯಾಲ ಕುಂತವರು ಇವತ್ತ ಇದ್ದಿಲ್ಲ. ಸಣ್ಣ ಕೂಸುಗಳು ಭಾಳ ಹೋದವು.

ಸರಕಾರದ ನರ್ಸಬಾಯಿ ಒಬ್ಬಾಕಿ ಬರ್ತಿದ್ಲು. ಜೇವರ್ಗಿ ಕಡಿ ಹೆಣ್ಣಮಗಳು. ಕೈಯಾಗ ಛತ್ರಿ, ಬಗಲಾಗ ಚೀಲ, ಎಷ್ಟೋ ಹಳ್ಳಿ ಆಕಿ ಒಬ್ಬಾಕಿ ಕಾಲಿಗೇ. ಮನಿ ಮನಿಗಿ ಹೇಳಿ ಹೇಳಿ ಆಕಿ ಗಂಟಲು ಕೂತು ಬಿಟ್ಟಿತ್ತು. ಯಾಕಂದ್ರ ನಮ್ಮ ಕಡಿ ಹೆಣ್ಣಮಕ್ಕಳು ಹೊಟ್ಟಿ ಹರಿಯಾಕತ್ತಿದ್ರ ನೀರು ಬಂದ್ ಮಾಡ್ತಿದ್ರು. ಕುಡಿಸಿದ್ರ ಮತ್ತಿಷ್ಟು ಹೋಗ್ತದ, ಹೊಟ್ಟಿ ಒಣಗಿದ್ರ ಬ್ಯಾನಿನೂ ಒಣಗ್ತದ ಅಂತ. ನರ್ಸಬಾಯಿ ಹೇಳೋದು ಪೂರಾ ಉಲ್ಟಾ. ಕುದಿಸಿ ಆರಿಸಿದ ನೀರು ಒಂದು ತಂಬಗಿ, ಅದಕ್ಕ ಒಂದು ಮುಟಗಿ ಸಕ್ಕರಿ, ಮೂರು ಬೆರಳಿನ ಚಿವುಟಿ ಉಪ್ಪು. ವಾಂತಿ ಆದ್ರೂ ಬಿಡದಂಗ ಗುಟುಕು ಗುಟುಕು ಕುಡಸಬೇಕು. ನೀರು ಹೋದಷ್ಟೂ ನೀರು ಹಾಕಬೇಕು, ಇಲ್ಲಂದ್ರ ಜೀವ ಹೋಗ್ತದ.

ಆಕಿ ನಮ್ಮನಿಯವರಿಗಿ ಕೇಳಿದ್ಲು, "ನಿಮ್ಮ ಮೈಕಿನ್ಯಾಗ ಹೇಳ್ರಿ."

ಇವರು ಹೇಳಿದ್ರು. ಆದ್ರ ಇವರಿಗಿ ಬರೋದು ಒಂದ ನಮೂನಿ. "ಪ್ರೀತಿಯ ಬಂಧು ಬಾಂಧವರಲ್ಲಿ ವಿನಂತಿ" ಅಂತ ರಾಗ ತೆಗದು ಶುರು ಮಾಡಿದ್ರು. ಅಷ್ಟೇ. ಮ್ಯಾಲಿನ ಓಣಿಯವರು ಮಕ್ಕಳಿಗಿ ಹೊಸ ಅಂಗಿ ತೊಡಿಸ್ಕೊಂಡು ಬಂದ್ರು. "ಯಾರ ಮನಿ ಲಗ್ನಾರಿ ಇಂಥಾದ್ರಾಗ?"

ಅವತ್ತ ಮಧ್ಯಾಹ್ನ ನಾ ಹಿತ್ತಲದಾಗ ಪಕ್ಕದ ಮನಿ ಖಾಲಾನ ಮುಂದ ಈ ಸುದ್ದಿ ಹೇಳಾಕತ್ತಿದ್ದೆ. ಖಾಲಾ ಅಂದ್ರ ನಮ್ಮ ಗ್ವಾಡಿ ಆಚಿ ಮುಸಲ್ಮಾನರ ಹಿರಿ ಹೆಣ್ಣಮಗಳು, ನನ್ನ ಬಾಯಿಗಿ ಇದ್ದ ಒಂದ ಒಂದು ಕಿವಿ. ಮೊದಲ ನಮ್ಮನಿಯವರಂಗ ರಾಗ ತೆಗದೆ. ಆಮ್ಯಾಲ ನರ್ಸಬಾಯಿ ಹಂಗ, ಕೂತ ಗಂಟಲಾಗ, "ಏ ಯವ್ವಾ, ನಿನ್ನ ಕೂಸಿಗಿ ನೀರು ಕೊಡು ಬೇ, ಹೊಲಕ್ಕಾದ್ರ ಬಿಡ್ತಿ, ಕೂಸಿಗ್ಯಾಕ ಬಿಡವಲ್ಲಿ" ಅಂದೆ. ಖಾಲಾ ನಗಾಕತ್ತಾಕಿ ಒಮ್ಮಿಲೇ ನಗೋದು ನಿಲ್ಲಿಸಿ ನನ್ನ ಹಿಂದ ನೋಡಿದ್ಲು. ನರ್ಸಬಾಯಿ ಖುದ್ದು ನಿಂತಿದ್ಲು, ಛತ್ರಿ ಊರ್ಕೊಂಡು.

ಭೂಮಿ ಬಾಯಿ ಬಿಟ್ರ ಹೊಕ್ಕೇನಿ ಅನ್ನಂಗ ಆತು. ಆಕಿ ಸಿಟ್ಟಾಗಲಿಲ್ಲ. "ಮತ್ತೊಮ್ಮಿ ಹೇಳು" ಅಂದ್ಲು.

"ತಪ್ಪಾತ್ರಿ ಅಕ್ಕೋರೆ."

"ತಪ್ಪಲ್ಲ ಬೇ. ನೀ ಹೇಳಿದ್ದು ನನಗಿಂತ ಛಲೋ ಆಗ್ಯದ. ಟೇಪಿನ್ಯಾಗ ಹೇಳು."

"ಅಯ್ಯ, ನಮ್ಮ ಮಾವ ಅದಾರ್ರಿ! ನನ್ನ ದನಿ ಕೇಳಬಾರದು."

"ಕೇಳ್ಯಾರ ಏನು ಯಾವಾಗರ?"

"ಇಲ್ರಿ."

"ಮತ್ತ ಅವರಿಗಿ ಹೆಂಗ ಗೊತ್ತಾಗ್ತದ ನಿಂದೇ ಅಂತ?"

ಖಾಲಾ ಬಾಯಿಗಿ ದುಪಟ್ಟಾ ಒತ್ಕೊಂಡ್ಲು.

ಜ್ವಾಳದ ಕ್ವಾಣ್ಯಾಗ ರಿಕಾರ್ಡ್ ಮಾಡಿದ್ವಿ. ಸುತ್ತ ಚೀಲ ಇದ್ದದ್ದಕ್ಕ ಹೊರಗಿನ ಸಪ್ಪಳ ಬರಂಗಿಲ್ಲ ಅಂತ ನಮ್ಮನಿಯವರು ಅಂದ್ರು. ಒಳಗ ಕತ್ತಲಿ, ಜ್ವಾಳದ ಧೂಳು, ಸಣ್ಣ ಕಿಂಡ್ಯಾಗಿಂದ ಬಿಸಿಲಿನ ಒಂದು ಕೋಲು. ಅದರಾಗ ಧೂಳು ಮೆಲ್ಲಕ ತಿರಗಾಡೋದು ನೋಡ್ಕೊಂತ ನಾ ಮಾತಾಡಿದೆ, "ಕೂಸು ಹೆತ್ತ ಅವ್ವಗಳಿರಾ, ಕೇಳ್ರಿ..." ನಂದು ಮುಗದ ಮ್ಯಾಲ ನೀರು ಕುದಿಸಿ ಕುಡಸ್ರಿ ಅನ್ನೋದನ್ನೇ ಖಾಲಾ ತಮ್ಮ ಉರ್ದುದಾಗ ಹೇಳಿದ್ಲು, "ಸುನೋ ಬೀ, ಪಾನಿ ಉಬಾಲ್ ಕೋ ಪಿಲಾವೋ..." ನಡುವ ಒಂದು ಆಡೂ ಒದರಿತು. ಅಳಸಬೇಕಂದ್ರ ನರ್ಸಬಾಯಿ "ಇರಲಿ ಬಿಡ್ರಿ, ಊರಿಂದೇ ಅದು" ಅಂದ್ಲು.

ಊರಾಗ ಎತ್ತರದ್ದು ಅಂದ್ರ ಮಸೂತಿ ಮಿನಾರ. ಅಲ್ಲಿ ಭೋಂಗಾ ಕಟ್ತೇವಿ ಅಂದ್ರ ಮಸೂತಿ ಹಿರಿಯರು "ಕಟ್ರಿ, ಬಾಂಗಿನ ಹೊತ್ತು ಬಿಟ್ಟು ಯಾವಾಗರ ಹಚ್ರಿ" ಅಂದ್ರು. ಟೇಪಿನ ಬಾಯಿಗಿ ಮೈಕ್ ಹಿಡದು, ಟವಲ್ಲಿಲೆ ಎರಡೂ ಸುತ್ತಿ ಕಟ್ಟಿ, ನಮ್ಮನಿಯವರು ಸಂಜಿ ಮುಂದ ಹಚ್ಚಿದ್ರು.

ನಾ ಆವಾಗ ಒಲಿ ಮುಂದ ಇದ್ದೆ. ರೊಟ್ಟಿ ಬಡಿಯಾಕತ್ತಿದ್ದ ಕೈ ಹಂಗೇ ನಿಂತಿತು. ನನ್ನ ದನಿ ಆಕಾಶದಾಗಿಂದ ಬರಾಕತ್ತಿತ್ತು. ಮಾಳಿಗಿ ಮ್ಯಾಲ ಹಾದು, ಬೇವಿನ ಗಿಡದಾಗ ಹೊಕ್ಕು, ಹೊಳಿ ತನಾ ಹೋಗಿ, ಅಲ್ಲಿಂದ ತುಸು ತಡದು ತಿರುಗಿ ಬರ್ತಿತ್ತು. ನಾ ಸೆರಗು ಹೊದ್ಕೊಂಡು ಬಾಯಿ ಮುಚ್ಕೊಂಡು ಇಲ್ಲಿ ಕುಂತೇನಿ, ನಾನೇ ಅಲ್ಲಿ ಮೋಡದ ಕೆಳಗ ಹೆಜ್ಜಿ ಇಡ್ಕೊಂತ ಊರೆಲ್ಲ ತಿರಗಾಡಾಕತ್ತೇನಿ. ಯಾರ ಮನಿ ಕದಾ ಮುಚ್ಚಿದ್ರೂ ಒಳಗ ಹೋಗಾಕತ್ತೇನಿ. ನಾ ಕಾಣದ ಓಣಿಗಳನ್ನೂ ಆಕಿ ನೋಡಿ ಬಂದ್ಲು.

ಪಡಸಾಲ್ಯಾಗ ಮಾವ ಅಂದ್ರು, "ಯಾರ ಇಕಿ?"

ಅತ್ತಿ ಬಾಗಲಾಗ ನಿಂತು ನನ್ನ ಕಡಿ ಒಮ್ಮಿ ನೋಡಿದ್ಲು. ಆಕಿಗಿ ಮೊದಲ ಮಾತಿಗೇ ಗೊತ್ತಾಗಿತ್ತು. "ಸರಕಾರದಾಕಿ ಇರಬೇಕ್ರಿ" ಅಂದ್ಲು.

"ಛಲೋ ಹೇಳ್ತಾಳ. ಸಂಕೋಚಿಲ್ಲ."

ರೊಟ್ಟಿ ಸೀದಿತ್ತು. ಅತ್ತಿ ಒಳಗ ಬಂದು ಅದನ್ನ ತಿರುವಿ ಹಾಕಿ, ನನ್ನ ಕಿವಿಗಿ ಬಗ್ಗಿ, "ಸರಕಾರಕ್ಕ ರೊಟ್ಟಿ ಮಾಡಾಕ ಬರಂಗಿಲ್ಲೇನ ಬೇ?" ಅಂದ್ಲು.

ದಿನಾ ಮುಂಜಾನಿ ಸಂಜಿ ಹಚ್ಚಾಕತ್ತಿದ್ರು. ಹೆಣ್ಣಮಕ್ಕಳು ತಂಬಗ್ಯಾಗ ಸಕ್ಕರಿ ಉಪ್ಪು ಕಲಸಾಕತ್ತಿದ್ರು. ಬಾವಿ ಕಟ್ಟಿ ಮ್ಯಾಲ ನನ್ನ ಮಾತು ನನಗೇ ಹೇಳ್ತಿದ್ರು, "ಟೇಪಿನಾಕಿ ಹಿಂಗ ಹೇಳ್ಯಾಳ ನೋಡು." ನಾ "ಹೌದಾ?" ಅಂತಿದ್ದೆ. ಕೂಸುಗಳು ಉಳಿಯಾಕತ್ತಿದ್ವು.

ಆವಾಗ ಮಾವ ಬಿದ್ರು.

ಹೊಳಿ ದಂಡಿ ಹೊಲಕ್ಕ ಹೋದವರು ಅಲ್ಲಿಂದೇ ನೀರು ಕುಡದಿದ್ರು. ಮುಂಜಾನಿಂದ ಎಷ್ಟು ಸರ್ತಿ ಹೊರಗ ಹೋದ್ರೋ. ಮಧ್ಯಾಹ್ನಕ್ಕ ಹೊರಸಿನ ಮ್ಯಾಲ ಒಣಗಿದ ತೊಗಲಂಗ ಬಿದ್ದಿದ್ರು. ಕಣ್ಣು ಒಳಗ ಹೋಗಿದ್ವು. ಅತ್ತಿ ಅವರ ಕೈ ಮ್ಯಾಗಿನ ಚರ್ಮ ಚಿವುಟಿ ಎತ್ತಿದ್ರ ಅದು ಹಂಗೇ ಮಡಿಕಿ ಬಿದ್ದು ನಿಂದರ್ತಿತ್ತು. ಹಂಗ ನಿಂದರ್ತದಂದ್ರ ತಡ ಮಾಡಬ್ಯಾಡ್ರಿ ಅಂತ ನರ್ಸಬಾಯಿ ಮೊದಲೇ ಹೇಳಿದ್ಲು. ಆಕಿನ ಕರಿಯಾಕ ಮಂದಿ ಕಳಸಿದ್ವಿ. ನಡುವ ಹಳ್ಳ ಬಂದದ, ನೀರು ಇಳದ ಮ್ಯಾಲ, ನಾಳಿ ಮುಂಜಾನಿ ಸಲಾಯಿನ್ ಬಾಟಲಿ ತೊಗೊಂಡು ಬರ್ತಾಳ, ಅಲ್ಲಿ ತನಾ ಕುಡಿಸಿ ಕುಡಿಸಿ ಹಿಡದು ನಿಲ್ಲಸ್ರಿ ಅಂತ ಆಚಿ ದಂಡಿಂದ ಒದರಿ ಹೇಳಿದ್ಲಂತ ಖಬರ ಬಂತು.

ಅವರು ಕುಡಿವಲ್ರು. ನಮ್ಮನಿಯವರು ತಂಬಗಿ ಹಿಡದು ನಿಂತ್ರ, "ಹೋಗಲೇ, ಮೈಕಿನಾಂವ. ಹೊಟ್ಟಿ ಖಾಲಿ ಇದ್ರ ತಾನ ನಿಂದರ್ತದ" ಅಂದ್ರು.

"ಅಪ್ಪಾ, ಟೇಪಿನ್ಯಾಗ ಕೇಳಿರಲ್ಲ?"

"ಅದು ಕೂಸುಗಳಿಗಿ ಹೇಳ್ಯಾಳ. ನಾ ಕೂಸೇನು?"

ಖರೆ ಅದ. ನಾನೇ ಕೂಸು ಹೆತ್ತ ಅವ್ವಗಳಿರಾ ಅಂದಿದ್ದೆ. ಊರಾಗಿನ ಹಿರಿಯರೆಲ್ಲ ಅದು ತಮಗಲ್ಲ ಅಂತ ಕಟ್ಟಿ ಮ್ಯಾಲ ಕುಂತು ಕೇಳಾಕತ್ತಿದ್ರು. ಅತ್ತಿನೂ ಹಟಾ ಹಿಡದ್ಲು, "ಹಿರಿಯರು ಬ್ಯಾಡಂದ್ರ ಬ್ಯಾಡ." ನಾ ಕದದ ಹಿಂದ ನಿಂತು ನೋಡಾಕತ್ತಿದ್ದೆ. ಆ ಮನ್ಯಾಗ ಅವರಿಗಿ ಏನ್ ಹೇಳಬೇಕಂತ ಗೊತ್ತಿದ್ದಾಕಿ ನಾ ಒಬ್ಬಾಕಿ. ಹೇಳಬಾರದಾಕಿನೂ ನಾ ಒಬ್ಬಾಕಿ.

ನಮ್ಮನಿಯವರ ಅಂಗಿ ಚುಂಗು ಹಿಡದು ಜ್ವಾಳದ ಕ್ವಾಣಿಗಿ ಎಳ್ಕೊಂಡು ಹೋದೆ. "ಟೇಪ್ ತರ್ರಿ."

"ಏನ್ ಹೇಳಾಕಿ?"

"ಬಟನ್ ಒತ್ರಿ ನೀವು, ಕೇಳಬ್ಯಾಡ್ರಿ."

ಹೇಳಿ ಮುಗಸಿದೆ. ಅವರು ಬಾಯಿ ತೆರದು ನನ್ನ ನೋಡಾಕತ್ತಿದ್ರು. "ನಮ್ಮಪ್ಪಗ ಹಿಂಗ ಯಾರೂ ಹೇಳಿಲ್ಲಲೇ."

"ಭೋಂಗಾ ನಮ್ಮ ಮನಿ ಕಡಿ ತಿರವ್ರಿ. ಓಡ್ರಿ."

ಹೊತ್ತು ಮುಣಗಾಕತ್ತಿತ್ತು. ಮೋಡದ ಬುಡಕ್ಕ ಒಂದು ಹಳದಿ ಗೆರಿ, ಅದರ ಬೆಳಕು ಪಡಸಾಲಿ ತನಾ ಬಂದು ಮಾವನ ಕಾಲಿನ ಮ್ಯಾಲ ಬಿದ್ದಿತ್ತು. ನಾ ತಂಬಗ್ಯಾಗ ನೀರು ಕಲಸಿ ಚಮಚಾ ಇಟ್ಟು ಕದದ ಸಂದ್ಯಾಗಿಂದ ಅತ್ತಿ ಮಗ್ಗಲಕ್ಕ ಸರಿಸಿದೆ. ಆಕಿ ಮುಟ್ಟಲಿಲ್ಲ. ಆವಾಗ ಮ್ಯಾಲಿಂದ ದನಿ ಬಂತು.

"ಊರ ಹಿರಿಯರೇ. ನೀವು ಕೂಸಲ್ಲ, ಖರೆ ಅದ. ಕೂಸಾದ್ರ ಇಷ್ಟು ಹಟಾ ಮಾಡ್ತಿದ್ದಿಲ್ಲ. ಹೊರಸಿನ ಮ್ಯಾಲ ಬಾಯಿ ಬಿಗಿ ಹಿಡ್ಕೊಂಡು ಮಲಗಿದವರು ಯಾರ್ಯಾರು ಇದ್ದೀರಿ, ನಿಮಗೇ ಹೇಳಾಕತ್ತೇನಿ..."

ಮಾವ ಕಣ್ಣು ತೆರದ್ರು. "ಯಾರಿಗಿ ಹೇಳಾಕತ್ತಾಳ?"

"ಊರಿಗಿರಿ" ಅಂದ್ಲು ಅತ್ತಿ.

"...ನಿಮ್ಮ ಹಿಂದ ಮನಿ ತುಂಬ ಮಂದಿ ಅದಾರ. ನಿಮ್ಮ ಕೆಮ್ಮು ಕೇಳದಿದ್ರ ಅವರಿಗಿ ಹೊತ್ತು ಹೊಂಡಂಗಿಲ್ಲ. ಬಾಯಿ ತೆರೀರಿ. ಒಂದು ಗುಟುಕು. ಹೂಂ, ಸಾಕು. ಜರಾ ನಿಂದರ್ರಿ. ಮತ್ತೊಂದು..."

ಅವರು ಬಾಯಿ ತೆರದ್ರು. ಅತ್ತಿ ನನ್ನ ಕಡಿ ನೋಡ್ಲಿಲ್ಲ, ಚಮಚಾ ಎತ್ತಿ ಬಾಯಿಗಿ ಹಿಡದ್ಲು. ಒಂದು. ತಡದು ಮತ್ತೊಂದು. ಒಮ್ಮಿ ಎಲ್ಲಾ ಹೊರಗ ಬಂತು. ಮ್ಯಾಲಿಂದ ಆಕಿ, "ವಾಂತಿ ಆತೇನು? ಆಗಲಿ, ಅಂಜಬ್ಯಾಡ್ರಿ, ಮತ್ತ ತೊಗೋರಿ" ಅಂದ್ಲು, ಕಂಡವರಂಗ. ಮತ್ತ ತೊಗೊಂಡ್ರು.

ಆಮ್ಯಾಲ ದನಿ ದಪ್ಪ ಆಗಾಕತ್ತಿತು. ಬ್ಯಾಟರಿ. ಮಾತು ಎಳದು ಎಳದು, ನಿದ್ದಿ ಬಂದಾಕಿ ಜೋಗುಳ ಹಾಡಿದಂಗ, ಹೊಳಿ ನೀರಿನ ಕೆಳಗಿಂದ ಮಾತಾಡಿದಂಗ. "ಮತ್ತೊಂದು... ಗು... ಟು..." ಅಲ್ಲಿಗಿ ನಿಂತಿತು.

ಅತ್ತಿ ಕೈಯಾಗ ಚಮಚಾ ಗಾಳ್ಯಾಗೇ ಇತ್ತು. ಮಾವ ಬಾಯಿ ಮುಚ್ಚಿದ್ರು. ಕಣ್ಣೂ ಮುಚ್ಚಾಕತ್ತಿದ್ವು. ಹಳದಿ ಬೆಳಕು ಅವರ ಕಾಲಿನ ಮ್ಯಾಲಿಂದ ಇಳದು ನೆಲಕ್ಕ ಬಂದಿತ್ತು.

"ಮತ್ತೊಂದು ಗುಟುಕು ತೊಗೋರಿ."

ನಾನೇ ಅಂದದ್ದು ಅಂತ ನನಗ ತಡದು ಗೊತ್ತಾತು. ಕದದ ಹಿಂದಿಂದ, ಗಟ್ಟಿಯಾಗಿ, ಮನಿ ತುಂಬ ಕೇಳಂಗ. "ಬಾಯಿ ಮುಚ್ಚಬ್ಯಾಡ್ರಿ. ಇನ್ನಾ ಮುಗದಿಲ್ಲ."

ಮಾವ ಕಣ್ಣು ತೆರದು ಜಂತಿ ನೋಡಿದ್ರು. ಕದದ ಕಡಿ ನೋಡ್ಲಿಲ್ಲ. ಅತ್ತಿಗಿ ಕೇಳಿದ್ರು, "ಬ್ಯಾಟರಿ ಮುಗದಂಗಿತ್ತಲ್ಲ?"

"ಹೌದ್ರಿ."

"ಆದ್ರೂ ಮಾತಾಡ್ತದ."

"ಛಲೋ ಮಷಿನ್ ಅದರಿ" ಅಂದ್ಲು ಅತ್ತಿ.

ಅವರು ಬಾಯಿ ತೆರದು ಚಮಚಾದಾಗಿಂದು ನುಂಗಿದ್ರು. "ನಿಂದರಸಬ್ಯಾಡ ಅನ್ನು ಅದಕ್ಕ."

ನಾ ನಿಂದರಸಲಿಲ್ಲ. ಗುಟುಕಿನ ಮಾತು ಮುಗದ ಮ್ಯಾಲ ಹೊಳಿ ಎಲ್ಲಿ ತನಾ ಏರ್ಯದ ಹೇಳಿದೆ, ಯಾವ ಹೊಲದಾಗ ತೊಗರಿ ಹೆಂಗ ಎದ್ದದ ಹೇಳಿದೆ, ಬಿಳಿ ಎತ್ತು ಇವತ್ತ ಮೇವು ಬಿಟ್ಟು ಅಗಸಿ ಕಡೇ ನೋಡ್ಕೊಂತ ನಿಂತದ ಅಂತ ಹೇಳಿದೆ. ಗೌಡ್ರು ಉಗುಳು ನುಂಗಿ ಮಾತಾಡೋದನ್ನೂ ಮಾಡಿ ತೋರಿಸಿದೆ. ಹೊರಸಿನ ಕಡಿಂದ ನಗಿ ಅನ್ನಂಗ ಒಂದು ಉಸುರು ಬಂತು. ಅತ್ತಿ ಚಮಚಾ ಎತ್ತಾಕಿ, ನಾ ಮಾತಾಡಾಕಿ. ನಾ ಗಪ್ಪಾದ್ರ ಅವರ ಬಾಯಿ ಮುಚ್ಚಿಕೊಳ್ತಿತ್ತು, ಅದಕ್ಕ ಗಪ್ಪಾಗಲಿಲ್ಲ. ಕತ್ತಲ್ಯಾಗ ಕದಾ ಎಲ್ಲದ, ನಾ ಎಲ್ಲೇನಿ, ಮಾತು ಎಲ್ಲದ ಒಂದೂ ತಿಳೀಲಾರದಂಗ ಆಗಿತ್ತು.

ಬೆಳಗಾದ ಮ್ಯಾಲ ನರ್ಸಬಾಯಿ ತೊಯ್ದ ಸೀರ್ಯಾಗ ಬಂದ್ಲು. ಮಾವನ ಕೈ ಚರ್ಮ ಚಿವುಟಿ ಎತ್ತಿ ಬಿಟ್ಲು. ಅದು ಮೆಲ್ಲಕ ತನ್ನ ಜಾಗಕ್ಕ ಹೋತು. ಬಾಟಲಿ ತೂಗಿ ಹಾಕಿ, ಸೂಜಿ ಚುಚ್ಚಿ, ಉಸುರು ಬಿಟ್ಟು ಕೇಳಿದ್ಲು, "ಇವರಿಗಿ ಕುಡಿಸಿ ಹಿಡದು ನಿಲ್ಲಿಸಿದವರು ಯಾರ್ರಿ?"

ಅತ್ತಿ ನೆಲ ನೋಡಿದ್ಲು. ನಮ್ಮನಿಯವರು ಮಸೂತಿಯಿಂದ ಹೊತ್ತು ತಂದ ಬ್ಯಾಟರಿ ನೋಡಿದ್ರು. ನಾ ಕದದ ಸಂದ್ಯಾಗಿಂದ "ನಾವೇರಿ" ಅನ್ನಾಕ ಹೋದೆ. ರಾತ್ರಿಯೆಲ್ಲ ಮಾತಾಡಿ ಕೂತ ಗಂಟಲಾಗ ದನಿ ಬರಲಿಲ್ಲ. ಕಾಗಿ ಕೆಮ್ಮಿದಂಗ ಏನೋ ಬಂತು.

ಮಾವ ಗ್ವಾಡಿ ಕಡಿ ಮಾರಿ ಮಾಡ್ಕೊಂಡೇ ಅಂದ್ರು, "ಮೊದಲ ಆಕಿಗಿ ನೀರು ಕೊಡ್ರಿ."